ಕಿಟಕಿಯೂ ಬೇಕು, ಮುಖವೂ ಬೇಕು

ಕಿಟಕಿಗೆ ಬೆನ್ನು ಮಾಡಿ ಕೂತವರ ಫೋಟೊ ತೆಗೆದು ನೋಡಿ. ಮುಖ ಸರಿಯಾಗಿ ಬಂತು ಅಂದರೆ ಕಿಟಕಿಯಾಚೆ ಎಲ್ಲ ಬರೀ ಬಿಳುಪು. ಆಚೆಯ ಮೋಡ ಬಂತು ಅಂದರೆ ಮುಖ ಮಸಿ. ಕಣ್ಣಿಗೆ ಮಾತ್ರ ಎರಡೂ ಚೆನ್ನಾಗೇ ಕಾಣುತ್ತಿತ್ತು, ಅಲ್ವಾ? ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯುವ ಉಪಾಯಕ್ಕೆ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಅಂತ ಹೆಸರು.

ಗಾದೆಯ ಕೊಡ ತುಂಬಿದರೆ ತುಳುಕುವುದಿಲ್ಲ. ಕ್ಯಾಮೆರಾ ಸೆನ್ಸರಿನಲ್ಲಿ ಬೆಳಕು ಹಿಡಿಯುವ ಪುಟ್ಟ ಚುಕ್ಕೆ, ಅಂದರೆ ಪಿಕ್ಸೆಲ್, ಹಾಗಲ್ಲ. ತುಂಬಿದ ಮೇಲೆ ಬಿದ್ದ ಬೆಳಕಿಗೆ ಲೆಕ್ಕವೇ ಇಲ್ಲ. ತೀರಾ ಕಡಿಮೆ ಬಿದ್ದರೆ ಅದು ಕಾಳುಕಾಳಾಗಿ ಕಾಣುವ ಗದ್ದಲದಲ್ಲಿ, ಅಂದರೆ ನಾಯ್ಸ್‌ನಲ್ಲಿ ಮುಳುಗಿಹೋಗುತ್ತದೆ.

ಈ ತಲೆನೋವು ಹಳೆಯದು. 1850ರ ದಶಕದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಕಂಡರೆ ಸಾಕು, ಆಕಾಶ ಪೂರ್ತಿ ಬೆಳ್ಳಗಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಪ್ರಿಂಟ್ ಹಾಕಿದ. ಒಂದೇ ಮೋಡವನ್ನು ಬೇರೆ ಬೇರೆ ಕಡಲಿಗೂ ಅಂಟಿಸಿದ್ದಾನೆ, ಕಿಲಾಡಿ!

ಈಗ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು 1/250, 1/60, 1/15 ಸೆಕೆಂಡಿನ ಮೂರು ಫೋಟೊ ತೆಗೆಯುತ್ತೇವೆ. ಒಂದಕ್ಕಿಂತ ಇನ್ನೊಂದಕ್ಕೆ ಸುಮಾರು ನಾಲ್ಕು ಪಟ್ಟು ಬೆಳಕು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಮುಟ್ಟಬೇಡಿ, ಹಿನ್ನೆಲೆಯ ಮಸುಕು ಬದಲಾಗುತ್ತದೆ. ಗೋಡೆಯ ಒಂದು ಚುಕ್ಕೆ ರಾ ಫೈಲಿನಲ್ಲಿ, ಅಂದರೆ ಸೆನ್ಸರಿನ ಅಂಕಿಗಳು ಹೆಚ್ಚುಕಡಿಮೆ ಹಾಗೇ ಇರುವ ಫೈಲಿನಲ್ಲಿ, ಕ್ರಮವಾಗಿ 100, 400, 1600 ತೋರಿಸಿತು ಅನ್ನಿ. ಆಯಾ ಸಮಯದಿಂದ ಭಾಗಿಸಿದರೆ ಮೂರೂ ಹೆಚ್ಚುಕಡಿಮೆ ಒಂದೇ ಬೆಳಕಿನ ಲೆಕ್ಕ ಕೊಡುತ್ತವೆ. ಸಾಫ್ಟ್‌ವೇರ್ ತುಂಬಿ ಚೆಲ್ಲಿದ ಅಂಕಿಯನ್ನು ಬಿಟ್ಟು, ನಾಯ್ಸ್ ಜಾಸ್ತಿ ಇರುವುದಕ್ಕೆ ಕಡಿಮೆ ಬೆಲೆ ಕೊಟ್ಟು, ಉಳಿದವುಗಳ ಸರಾಸರಿ ತೆಗೆಯುತ್ತದೆ. ಜೆಪೆಗ್‌ನಲ್ಲಿ ಅಂಕಿಗಳು ಇಷ್ಟು ನೇರವಾಗಿರುವುದಿಲ್ಲ. ಕ್ಯಾಮೆರಾ ಅವನ್ನು ತಿರುಚಿದ ಬಗೆಯನ್ನು ಆ ಫೋಟೊಗಳಿಂದಲೇ ಪತ್ತೆ ಹಚ್ಚುವ ಒಂದು ದಾರಿಯನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ತೋರಿಸಿದರು.

ಇಲ್ಲಿವರೆಗೆ ಬರೀ ಗಣಿತ. ನಿಜವಾದ ಪೇಚಾಟ ಆಮೇಲೆ. ಸಿಕ್ಕಿದ ಅಷ್ಟೂ ಬೆಳಕನ್ನು ಮಾಮೂಲಿ ಸ್ಕ್ರೀನ್ ತೋರಿಸಲಾರದು, ಹಿಂಡಿ ಕೂರಿಸಬೇಕು. ಇದೇ ಟೋನ್ ಮ್ಯಾಪಿಂಗ್. ಎಲ್ಲ ಕಡೆ ಒಂದೇ ಸಮ ಹಿಂಡಿದರೆ ಚಿತ್ರ ಸಪ್ಪೆ. ಜಾಗ ನೋಡಿ ಹಿಂಡಿದರೆ ವಿವರ ಎದ್ದು ಬರುತ್ತದೆ, ಆದರೆ ಕೈ ಮೀರಿದರೆ ಮರದ ಸುತ್ತ ಪ್ರಭಾವಳಿ, ಮೋಡಕ್ಕೆ ಹೊಗೆ ಹಿಡಿದ ಬಣ್ಣ. ಎಚ್‌ಡಿಆರ್ ಅಂದರೆ ಮೂಗು ಮುರಿಯುವವರಿಗೆ ನೆನಪಾಗುವುದು ಇದೇ. ನನಗಂತೂ ನೆರಳು ನೆರಳಾಗೇ ಉಳಿದಿದ್ದರೆ ಇಷ್ಟ.

ಗಾಳಿ ಬೀಸಿದರೆ ಇನ್ನೊಂದು ಕಾಟ. ಎಲೆ ಒಂದೊಂದು ಫೋಟೊದಲ್ಲಿ ಒಂದೊಂದು ಕಡೆ ಇರುವುದರಿಂದ, ಸೇರಿಸಿದಾಗ ದೆವ್ವದ ಹಾಗೆ ಅರೆಬರೆ ಕಾಣುತ್ತದೆ. ಅದಕ್ಕೇ ಎಷ್ಟೋ ಫೋನುಗಳು ಬೇರೆ ಉಪಾಯ ಹೂಡುತ್ತವೆ. ಬೇಕೆಂದೇ ಕಪ್ಪಾಗಿಸಿದ ಹಲವು ಫೋಟೊಗಳನ್ನು ಪಟಪಟನೆ ತೆಗೆದು, ಜೋಡಿಸಿ, ಸರಾಸರಿ ಮಾಡುತ್ತವೆ. ಕಿಟಕಿಯಾಚೆಯ ಮೋಡ ಉಳಿಯುತ್ತದೆ. ಒಂಬತ್ತು ಫೋಟೊ ಸೇರಿದರೆ ನಾಯ್ಸ್ ಮೂರನೇ ಒಂದರಷ್ಟಕ್ಕೆ ಇಳಿಯುವುದರಿಂದ ಮುಖವನ್ನೂ ಧೈರ್ಯವಾಗಿ ಬೆಳಗಿಸಬಹುದು.