ಮೂರು ಕೀಲಿನ ಕಮಾನು: ಸಾಲ್ಗಿನಾಟೋಬೆಲ್ ಸೇತುವೆಯ ಮೈಕಟ್ಟು

ತೋಟದ ಸಂಕವನ್ನು ನಾವೆಲ್ಲ ದಾಟಿದವರೇ. ಅಡ್ಡ ಹಾಕಿದ ಅಡಿಕೆ ಮರ, ನಡುವೆ ನಿಂತರೆ ಬಾಗುತ್ತದೆ. ಅದು ಬೀಮ್. ಈಗ ಎರಡು ದಬ್ಬೆಗಳನ್ನು ಒಂದಕ್ಕೊಂದು ಒರಗಿಸಿ ಅಂಗಳದಲ್ಲಿ ನಿಲ್ಲಿಸಿ, ತುದಿಯನ್ನು ಒತ್ತಿ. ಎರಡೂ ಬುಡ ಹೊರಕ್ಕೆ ಜಾರುತ್ತವೆ. ಮಳೆಗಾಲದ ಪಾಚಿ ಇದ್ದರಂತೂ ಕೇಳಲೇಬೇಡಿ! ಆ ಜಾರುವಿಕೆಯನ್ನು ತಡೆಯಲು ಬೇಕಾದ ಬಲವೇ ಹಾರಿಜಾಂಟಲ್ ಥ್ರಸ್ಟ್. ಬುಡದಲ್ಲಿ ಎರಡು ಕೀಲು, ನೆತ್ತಿಯಲ್ಲಿ ಒಂದು. ತ್ರೀ ಹಿಂಜ್ಡ್ ಆರ್ಚ್ ಅಂದರೆ ಇಷ್ಟೇ.

ಸ್ವಿಟ್ಜರ್ಲೆಂಡಿನ ಶಿಯರ್ಸ್ ಊರಿನ ಹತ್ತಿರ ಇರುವ ಸಾಲ್ಗಿನಾಟೋಬೆಲ್ ಸೇತುವೆ ಇದೇ ಜಾತಿಯದು. ಕಾಂಕ್ರೀಟಿನದು. ವಿನ್ಯಾಸ ಸ್ವಿಸ್ ಎಂಜಿನಿಯರ್ ರಾಬರ್ಟ್ ಮಯಾರ್ ಅವರದು. ಕೆಲಸ ಮುಗಿದದ್ದು 1930ರಲ್ಲಿ. ಸ್ಪ್ಯಾನ್, ಅಂದರೆ ಬುಡದಿಂದ ಬುಡಕ್ಕೆ ಇರುವ ದೂರ (L), 90 ಮೀಟರ್. ರೈಸ್, ಅಂದರೆ ಬುಡದಿಂದ ನೆತ್ತಿಯ ಎತ್ತರ (h), ಸುಮಾರು 13 ಮೀಟರ್. ಮೀಟರಿಗೆ w ಭಾರ ಸಮನಾಗಿ ಹರಡಿದೆ ಎಂದುಕೊಳ್ಳಿ. ಥ್ರಸ್ಟ್ = wL²/8h, ಅಂದರೆ ಸುಮಾರು 78w. ಒಂದೊಂದು ಬುಡದ ಮೇಲೆ ಕೆಳಕ್ಕೆ ಬೀಳುವುದು ಬರೀ 45w. ಕಮಾನು ಚಪ್ಪಟೆಯಾದಷ್ಟೂ ದಡವನ್ನು ಜಾಸ್ತಿ ತಳ್ಳುತ್ತದೆ.

ಈ ಆಕಾರ ಒಂದೇ ಸಲಕ್ಕೆ ಹೊಳೆದದ್ದಲ್ಲ. ಮಯಾರ್ ಅವರದೇ 1901ರ ಜುವೊಜ್ ಸೇತುವೆಯಲ್ಲಿ ಬುಡದ ಹತ್ತಿರದ ಪಕ್ಕದ ಗೋಡೆಗಳು ಬಿರುಕು ಬಿಟ್ಟವು. ಮಯಾರ್ ಬಿರುಕಿಗೆ ಸುಮ್ನೆ ತೇಪೆ ಹಾಕುವ ಯೋಚನೆಯಲ್ಲೇ ನಿಲ್ಲಲಿಲ್ಲ. ಅಲ್ಲಿ ಗೋಡೆಗೆ ಕೆಲಸವೇ ಇಲ್ಲ ಅಲ್ವಾ ಎಂದುಕೊಂಡು, 1905ರ ತವನಾಸಾ ಸೇತುವೆಯಲ್ಲಿ ಆ ಭಾಗವನ್ನೇ ತೆಗೆದುಬಿಟ್ಟರು. ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ. ತವನಾಸಾ 1927ರಲ್ಲಿ ಗುಡ್ಡ ಕುಸಿದು ಹೋಯಿತು. ನಮ್ಮ ಕಡೆ ಧರೆ ಜರಿಯುತ್ತದಲ್ಲ, ಹಾಗೆ.

ಇನ್ನು ದಪ್ಪದ ಲೆಕ್ಕ. ತೀರ್ಥಹಳ್ಳಿಯ ಕಮಾನು ಸೇತುವೆ ದಾಟುವಾಗೆಲ್ಲ, ಕಮಾನಿಗೆ ನಡುವೆಯೇ ಕಷ್ಟ ಜಾಸ್ತಿ ಎಂದುಕೊಳ್ಳುತ್ತಿದ್ದೆ. ಮೂರು ಕೀಲಿನ ಕಮಾನಿಗೆ ಅದು ತಪ್ಪು. ಕೀಲು ಇದ್ದಲ್ಲಿ ಬೆಂಡಿಂಗ್ ಮೊಮೆಂಟ್, ಅಂದರೆ ಕಮಾನನ್ನು ಬಾಗಿಸಲು ನೋಡುವ ತಿರುಚು, ಸೊನ್ನೆ. ಪ್ಯಾರಾಬೋಲಾ ಆಕಾರದ ಕಮಾನಿನ ಮೇಲೆ ಪೂರ್ತಿ ಸಮನಾದ ಭಾರ ಇದ್ದರೆ ಎಲ್ಲೆಡೆಯೂ ಸೊನ್ನೆ. ಅರ್ಧಕ್ಕೆ ಮಾತ್ರ ಭಾರ ಬಿದ್ದಾಗ ಕಾಲುಭಾಗದ ಜಾಗಗಳಲ್ಲಿ wL²/64 ಬರುತ್ತದೆ, ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್. ಆದ್ದರಿಂದಲೇ ಸಾಲ್ಗಿನಾಟೋಬೆಲ್‌ನ ಹೊಟ್ಟೆ ಅಲ್ಲಿ ದಪ್ಪ, ನೆತ್ತಿ ಮತ್ತು ಬುಡ ಸಣ್ಣ. ತಾಪ ಏರಿಳಿದರೂ ದಡ ಸ್ವಲ್ಪ ಕುಳಿತರೂ ಕೀಲುಗಳು ತಿರುಗಿಕೊಳ್ಳುತ್ತವೆ, ಒಳಗೆ ಒತ್ತಡ ಹುಟ್ಟುವುದಿಲ್ಲ.

ಸೇತುವೆ ಕಟ್ಟುವಾಗ ಕೆಳಗೆ ಆಸರೆಗೆ ನಿಲ್ಲಿಸಿದ ಮರದ ಸಾರವೆ ರಿಚರ್ಡ್ ಕೊರೆ ಅವರದು. ಅದು ಹೊತ್ತದ್ದು ಕಮಾನಿನ ತೆಳುವಾದ ಕಾಂಕ್ರೀಟ್ ಕೆಳಹಲಗೆಯನ್ನು ಮಾತ್ರ. ಆ ಹಲಗೆ ಗಟ್ಟಿಯಾದ ಮೇಲೆ ಗೋಡೆ, ಮೇಲುಹಲಗೆಗಳ ಭಾರ ಹೊರಲು ಅದೂ ಹೆಗಲು ಕೊಟ್ಟಿತು.