ಬುಟ್ಟಿ ಎಂಟು, ಸುಲಿಯೋರು ಇಪ್ಪತ್ತು: ಕರ್ನಲ್ ಒಳಗಿನ ಮೆಮೊರಿ ಲೆಕ್ಕದ ಕಥೆ

ತೀರ್ಥಹಳ್ಳಿ ಹತ್ರ ನಮ್ಮನೇಲಿ ಕೂತ್ಕೊಂಡು ಎಲ್ಲೋ ದೂರದಲ್ಲಿರೋ ಸರ್ವರ್‌ಗಳನ್ನ ನೋಡ್ಕೊಳ್ಳೋ ಕೆಲಸ ನಂದು. ಹೋದ ಮಳೆಗಾಲದಲ್ಲಿ ಒಂದು ಗ್ರಾಫ್ ನನ್ನ ತಲೆ ತಿಂದುಬಿಡ್ತು. ಒಂದು ಮಷೀನಲ್ಲಿ ಯಾವ ಕೆಲಸ ಎಷ್ಟು ಮೆಮೊರಿ ಬ್ಯಾಂಡ್‌ವಿಡ್ತ್ (ಅಂದ್ರೆ ಸೆಕೆಂಡಿಗೆ ಮೆಮೊರಿಗೆ ಹೋಗಿ ಬರೋ ಡೇಟಾ) ಎಳೀತಿದೆ ಅಂತ ತೋರ್ಸೋ ಗ್ರಾಫು ಅದು, ನೆಟ್ಟಗೆ ಹೋಗ್ತಿದ್ದ ಗೆರೆ ಇದ್ದಕ್ಕಿದ್ದಂಗೆ ಸೊನ್ನೆಗೆ ಬೀಳೋದು, ಸ್ವಲ್ಪ ಹೊತ್ತಿಗೆ ಆಕಾಶಕ್ಕೆ ಏರೋದು, ಆಮೇಲೆ ಎಂತದೂ ಆಗೇ ಇಲ್ಲ ಅನ್ನೋ ಥರ ಮಾಮೂಲಿ. ಪ್ರೋಗ್ರಾಂ ಮಾತ್ರ ಅಷ್ಟೂ ಹೊತ್ತು ಒಂದೇ ಸಮ ಓಡ್ತಾನೇ ಇತ್ತು. ನನ್ ಸ್ಕ್ರಿಪ್ಟ್ ಸರಿ ಇಲ್ಲ ಅಂತ ಎರಡು ದಿನ ಅದನ್ನೇ ಕೆದಕಿದೆ (ಅದ್ರಲ್ಲೂ ಒಂದು ತಪ್ಪಿತ್ತು, ಆಮೇಲೆ ಹೇಳ್ತೀನಿ), ಕೊನೆಗೆ ನೋಡಿದ್ರೆ ಇದು ಹತ್ತು ವರ್ಷದ ಹಳೇ ರಗಳೆ.

ಮೊದಲು ಈ ಲೆಕ್ಕ ಯಾಕೆ ಬೇಕು ಅಂತ. ಒಂದು ಸರ್ವರ್ ಚಿಪ್ಪಲ್ಲಿ ಡಜನ್‌ಗಟ್ಲೆ ಕೋರ್ ಇರ್ತವೆ, ಆದ್ರೆ ಮೆಮೊರಿಗೆ ಹೋಗೋ ದಾರಿ ಎಲ್ಲರಿಗೂ ಒಂದೇ. ಒಬ್ಬ ದೊಡ್ಡ ಡೇಟಾ ಕಾಪಿ ಮಾಡೋಕೆ ಶುರು ಮಾಡಿದ್ರೆ ಪಕ್ಕದವನ ಕೆಲಸ ತೆವಳುತ್ತೆ, ಸಿಪಿಯು ಮೀಟರ್ ನೋಡಿದ್ರೆ ಇಬ್ಬರೂ ನೂರಕ್ಕೆ ನೂರು ಬ್ಯುಸಿ, ಯಾಕಂದ್ರೆ ಮೆಮೊರಿಗೆ ಕಾಯ್ತಾ ಕೂತಿರೋದೂ ಆ ಮೀಟರ್ ಲೆಕ್ಕದಲ್ಲಿ ಬ್ಯುಸಿನೇ. ಒಂದೊಂದು ಓದು ಬರಹನೂ ಕರ್ನಲ್ (ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಣ್ಣಿಗೆ ಬೀಳಲ್ಲ, ಹಾಗಾಗಿ ಎಣಿಸೋದು ಹಾರ್ಡ್‌ವೇರೇ ಆಗ್ಬೇಕು.

ಇಂಟೆಲ್‌ನೋರು 2014ರ ಝಿಯಾನ್ ಇ5 ವಿ3 ಚಿಪ್ಪಲ್ಲಿ ಕ್ಯಾಶೆ (ಚಿಪ್ಪೊಳಗಿನ ಸಣ್ಣ, ವೇಗದ ಮೆಮೊರಿ) ಎಷ್ಟು ತುಂಬಿದೆ ಅಂತ ಅಳೆಯೋದು ಕೊಟ್ರು, ಅದರ ಮುಂದಿನ ತಲೆಮಾರಲ್ಲಿ ಬ್ಯಾಂಡ್‌ವಿಡ್ತೂ ಸೇರಿಸಿದ್ರು. ಉಪಾಯ ಸಿಂಪಲ್. ಪ್ರತಿ ಗುಂಪಿಗೂ ಒಂದು ನಂಬರ್ ಚೀಟಿ, ಅದಕ್ಕೆ ಆರ್‌ಎಂಐಡಿ ಅಂತಾರೆ. ಒಂದು ಪ್ರೋಗ್ರಾಂ ಇಳಿಸಿ ಇನ್ನೊಂದನ್ನ ಕೋರ್ ಮೇಲೆ ಹತ್ತಿಸುವಾಗ ಕರ್ನಲ್ ಆ ನಂಬರನ್ನ ಒಂದು ರಿಜಿಸ್ಟರಲ್ಲಿ (ಚಿಪ್ಪೊಳಗಿನ ಪುಟಾಣಿ ಖಾನೆ) ಬರೀತದೆ, ಆಮೇಲೆ ಆ ಕೋರಿಂದ ಹೊರಟ ಮೆಮೊರಿ ಓಡಾಟ ಎಲ್ಲ ಆ ಚೀಟಿ ಹೆಸರಿಗೆ. ಓದ್ಬೇಕಾದ್ರೆ ಇನ್ನೊಂದು ರಿಜಿಸ್ಟರಲ್ಲಿ ಯಾವ ಚೀಟಿ, ಯಾವ ಲೆಕ್ಕ ಅಂತ ಬರೆದು ಉತ್ತರ ತಗೋಬೇಕು. ಆ ಉತ್ತರದ 63ನೇ ಬಿಟ್ ಅಂದ್ರೆ ಕೇಳಿದ್ದೇ ತಪ್ಪು ಅಂತ, 62ನೇ ಬಿಟ್ ಅಂದ್ರೆ ಈಗ ನನ್ ಹತ್ರ ಲೆಕ್ಕ ಇಲ್ಲ ಅಂತ. ಈ 62 ನೆನಪಿಟ್ಕೊಳ್ಳಿ.

ಲಿನಕ್ಸ್‌ನಲ್ಲಿ ಇದನ್ನ ಮೊದಲು ಪರ್ಫ್ ಅನ್ನೋ ಅಳತೆ ಸಾಧನದ ಒಳಗೆ ತುರುಕಿದ್ರು, 2015ರಲ್ಲಿ ಕ್ಯಾಶೆ ಲೆಕ್ಕ, 2016ರಲ್ಲಿ ಬ್ಯಾಂಡ್‌ವಿಡ್ತು. ಸರಿ ಹೋಗ್ಲಿಲ್ಲ. ಕೇಳೋರು ಜಾಸ್ತಿ, ಚೀಟಿ ಕಮ್ಮಿ, ಹಾಗಾಗಿ ಕರ್ನಲ್ ಒಬ್ಬರ ಚೀಟಿ ಕಿತ್ತು ಇನ್ನೊಬ್ಬರಿಗೆ ಕೊಡ್ತಿತ್ತು, ಆದ್ರೆ ಹಳಬನ ಡೇಟಾ ಅದೇ ನಂಬರಲ್ಲಿ ಕ್ಯಾಶೆಯಲ್ಲಿ ಇನ್ನೂ ಕೂತಿರ್ತಿತ್ತಲ್ಲ, ಲೆಕ್ಕ ಎಲ್ಲ ಕಲಸುಮೇಲೋಗರ. 2017ರಲ್ಲಿ ಅದನ್ನ ಪೂರ್ತಿ ಕಿತ್ತು ಹಾಕಿ, ಅದೇ ವರ್ಷ ಕರ್ನಲ್‌ನ 4.10 ಆವೃತ್ತಿಯಲ್ಲಿ ಬಂದಿದ್ದ ರೆಸ್‌ಕಂಟ್ರೋಲ್ ಅನ್ನೋ ಫೈಲ್‌ಸಿಸ್ಟಮ್ ಒಳಗೆ 4.14ಕ್ಕೆ ಹೊಸದಾಗಿ ಬರೆದ್ರು. ಇಲ್ಲಿ ಒಂದು ಡೈರೆಕ್ಟರಿ ಮಾಡಿದ್ರೆ ಒಂದು ಚೀಟಿ, ಚೀಟಿ ಮುಗಿದ್ರೆ ಡೈರೆಕ್ಟರಿನೇ ಆಗಲ್ಲ, ಅಷ್ಟೇ. ಡಿಲೀಟ್ ಮಾಡಿದ ಚೀಟಿನ ತಕ್ಷಣ ಯಾರಿಗೂ ಕೊಡಲ್ಲ, ಹಳೇ ಡೇಟಾ ಕ್ಯಾಶೆಯಿಂದ ಕರಗೋ ತನಕ ಲಿಂಬೋ ಅನ್ನೋ ಪಟ್ಟಿಯಲ್ಲಿ ಇಟ್ಕೊಳ್ತದೆ. ನಮ್ ಕಡೆ ತ್ರಿಶಂಕು ಅಂತಾರಲ್ಲ, ಅದೇ.

ಇನ್ನೊಂದು ತೊಂದ್ರೆ ಕೌಂಟರ್ ತುಂಬೋದು. ಇಂಟೆಲ್‌ನ ಮೊದಲ ಕೌಂಟರ್‌ಗಳು 24 ಬಿಟ್ಟಿನವು, ಅಂದ್ರೆ 1,67,77,216 ಮೆಟ್ಟಿಲು ಆದ್ಮೇಲೆ ಮತ್ತೆ ಸೊನ್ನೆಯಿಂದ. ಆಗುಂಬೆ ಕಡೆ ಆಷಾಢದ ಮಳೇಲಿ ದಿನಕ್ಕೊಂದೇ ಸಲ ಮಳೆಮಾಪಕ ನೋಡ್ತೀನಿ ಅಂತ ಕೂತ್ರೆ ನಡುವೆ ಎಷ್ಟು ಉಕ್ಕಿ ಹೋಯ್ತು ಅಂತ ಯಾರಿಗೆ ಗೊತ್ತು? ಅದಕ್ಕೇ ಕರ್ನಲ್ ಸೆಕೆಂಡಿಗೊಂದು ಸಲ ತಾನೇ ಹೋಗಿ ಎಲ್ಲ ಕೌಂಟರ್ ಓದ್ಕೊಂಡು ಬರ್ತದೆ. ಈಗ ಸಿಕ್ಕಿದ್ದು ಹಿಂದಿನ ಓದಿಗಿಂತ ಕಮ್ಮಿ ಇದ್ರೆ, ಓಹೋ ಒಂದು ಸುತ್ತು ತುಂಬಿ ಬಂದಿದೆ ಅಂತ ತಿಳ್ಕೊಂಡು ಆ ಸುತ್ತನ್ನ ಕೂಡಿಸ್ತದೆ.

ಇಲ್ಲೀ ತನಕ ಎಲ್ಲರ ತಲೇಲಿದ್ದಿದ್ದು ಒಂದೇ: ಚೀಟಿ ಇದ್ರೆ ಅದರ ಕೌಂಟರೂ ಇದ್ದೇ ಇದೆ. 2019ರ ಹೊತ್ತಿಗೆ ಎಎಂಡಿಯ ಎಪಿಕ್ ಚಿಪ್ಪುಗಳಿಗೂ ಇದೇ ವ್ಯವಸ್ಥೆ ಬಂತು, ಆದ್ರೆ ಅಲ್ಲಿ ಚೀಟಿ ಬೇಜಾನ್, ಒಳಗಿರೋ ಕೌಂಟರ್ ಮಾತ್ರ ಕಮ್ಮಿ. ಯಾವ ಚೀಟಿ ಸದ್ಯಕ್ಕೆ ಓಡ್ತಿದೆಯೋ ಅದಕ್ಕೆ ಹಾರ್ಡ್‌ವೇರೇ ಕೌಂಟರ್ ಕೊಡೋದು, ಸುಮ್ನಿರೋರ ಹತ್ರ ಕಿತ್ಕೊಳ್ಳೋದು.

ಇದು ಹೇಗೆ ಅಂದ್ರೆ, ನಾನ್ ಸಣ್ಣವನಿದ್ದಾಗ ಅಜ್ಜನ ಮನೇಲಿ ಅಡಿಕೆ ಸುಲಿಯೋಕೆ ಇಪ್ಪತ್ತು ಜನ ಬರೋರು, ಸುಲಿದಷ್ಟಕ್ಕೆ ದುಡ್ಡು. ಒಂದ್ ವರ್ಷ ಅಳತೆ ಬುಟ್ಟಿ ಇದ್ದಿದ್ದು ಎಂಟೇ. ಮೆಟ್ಟುಗತ್ತಿ ಮುಂದೆ ಯಾರಾದ್ರೂ ಕಾಫಿಗೆ ಅಂತ ಎದ್ರೆ ಅವರ ಬುಟ್ಟಿನ ರಾಶಿಗೆ ಸುರಿದು ಪಕ್ಕದವರು ಎಳ್ಕೊಳ್ಳೋರು, ವಾಪಸ್ ಬಂದೋರಿಗೆ ಬೇರೆ ಖಾಲಿ ಬುಟ್ಟಿ. ರಾತ್ರಿ ಲೆಕ್ಕ ಬರೆಯೋ ಚಿಕ್ಕಪ್ಪನ ಹತ್ರ ಜಗಳ. "ಅಯ್ಯಾ, ಮಧ್ಯಾಹ್ನ ಅರ್ಧ ಬುಟ್ಟಿ ಆಗಿತ್ತು ನಂದು, ಅದೆಲ್ಲಿ ಹೋಯ್ತು?" ರಾಶಿ ನೋಡಿದ್ರೆ ಅಡಿಕೆ ಎಲ್ಲಾ ಇದೆ, ಯಾರ್ದು ಎಷ್ಟು ಅಂತ ಮಾತ್ರ ಹೇಳೋಕಾಗಲ್ಲ.

ಎಪಿಕ್ ಒಳಗೂ ಅದೇ ಆಗ್ತಿತ್ತು. ಕೌಂಟರ್ ಕಳ್ಕೊಂಡ ಗುಂಪನ್ನ ಓದಿದ್ರೆ 62ನೇ ಬಿಟ್, ಪರದೆ ಮೇಲೆ ಅನ್‌ಅವೇಲಬಲ್. ಮತ್ತೆ ಕೌಂಟರ್ ಸಿಕ್ಕಿದ್ರೆ ಎಣಿಕೆ ಸೊನ್ನೆಯಿಂದ. ಮಜಾ ಇರೋದು ಇಲ್ಲಿ: ಕರ್ನಲ್ ಹತ್ರ ಹಳೇ ದೊಡ್ಡ ಸಂಖ್ಯೆ ಹಾಗೇ ಇರೋದು, ಹೊಸದು ಸಣ್ಣದು, ಮಳೆಮಾಪಕ ಉಕ್ಕಿರ್ಬೇಕು ಅಂದ್ಕೊಂಡು ಇಡೀ ಒಂದು ಸುತ್ತು ಕೂಡಿಸಿಬಿಡೋದು. ಉಕ್ಕಿರ್ಲಿಲ್ಲ ಮಾರಾಯ್ರೆ, ಯಾರೋ ಸುರಿದಿದ್ರು ಅಷ್ಟೇ. ನನ್ ಗ್ರಾಫ್ ಆಕಾಶಕ್ಕೆ ಹಾರಿದ್ದು ಇದಕ್ಕೇ. ಈ ತಪ್ಪನ್ನ 2025ರ ಅಕ್ಟೋಬರ್‌ನಲ್ಲಷ್ಟೇ ಸರಿ ಮಾಡಿದ್ರು, ಅನ್‌ಅವೇಲಬಲ್ ಬಂದ ತಕ್ಷಣ ಹಳೇ ಸಂಖ್ಯೆನೂ ಸೊನ್ನೆ ಮಾಡೋದು, ಮುಗೀತು.

ದೊಡ್ಡ ಪರಿಹಾರ ಬೇರೆ. 2023ರ ಕೊನೇಲಿ ಎಎಂಡಿಯ ಬಾಬು ಮೋಗರ್ ಒಂದು ಪ್ಯಾಚ್ ಸರಣಿ (ಕರ್ನಲ್ ಕೋಡಿಗೆ ತಿದ್ದುಪಡಿಗಳು) ಕಳಿಸಿದ್ರು, ಹಾರ್ಡ್‌ವೇರಿನ ಮರ್ಜಿಗೆ ಬಿಡೋದು ಬೇಡ, ಯಾರಿಗೆ ಕೌಂಟರ್ ಅಂತ ಬಳಸೋರೇ ಹೇಳ್ಲಿ, ಕೊಟ್ಟ ಮೇಲೆ ಯಾರೂ ಕಿತ್ಕೊಳ್ಳಬಾರ್ದು. ಅದು ಕರ್ನಲ್‌ಗೆ ಸೇರೋ ಹೊತ್ತಿಗೆ ಹದಿನೆಂಟನೇ ಆವೃತ್ತಿ ಆಗಿತ್ತು. ಇಂಟೆಲ್‌ನ ರೀನೆಟ್ ಶಾತ್ರ್, ಗೂಗಲ್‌ನ ಪೀಟರ್ ನ್ಯೂಮನ್ ಇವ್ರೆಲ್ಲ ಕೂತು ಒಂದೊಂದು ಫೈಲಿನ ಹೆಸರಿಗೂ ಚರ್ಚೆ. ಎಲ್ಲ ಗುಂಪಿನ ಹಂಚಿಕೆನೂ ಒಂದೇ ಫೈಲಲ್ಲಿ ಇಡೋಣ ಅಂತ ಶುರುವಾಗಿದ್ದು ಕೊನೆಗೆ ಗುಂಪಿಗೊಂದು ಫೈಲ್ ಅಂತಾಯ್ತು. ಆರ್ಮ್ ಚಿಪ್ಪುಗಳಲ್ಲೂ ಮಾನಿಟರ್ ಕಮ್ಮಿ ಇರಬಹುದು, ಹಾಗಾಗಿ ಹೆಸರಲ್ಲಿ ಎಎಂಡಿ ಅಂತ ಇಲ್ಲ, ಎಂಬಿಎಂ (ಮೆಮೊರಿ ಬ್ಯಾಂಡ್‌ವಿಡ್ತ್ ಮಾನಿಟರಿಂಗ್) ಇವೆಂಟ್ ಮೋಡ್ ಅಂತಷ್ಟೇ. ಎರಡು ವರ್ಷ ಜಾಸ್ತಿ ಆಯ್ತು ಅನ್ಸುತ್ತೆ, ಆದ್ರೆ ಒಂದ್ಸಲ ಕೊಟ್ಟ ಫೈಲನ್ನ ಕರ್ನಲ್‌ನೋರು ಆಮೇಲೆ ಸುಲಭಕ್ಕೆ ತೆಗೆಯೋ ಹಾಗಿಲ್ಲ, ಅದಕ್ಕೆ ಈ ಹಟ ಸರಿ ಅಂತ ನನ್ ಅಭಿಪ್ರಾಯ. 2025ರ ನವೆಂಬರ್ 30ಕ್ಕೆ ಬಂದ 6.18ರಲ್ಲಿ ಇದು ಸೇರ್ತು.

ಕರ್ನಲ್ ದಾಖಲೆಯಲ್ಲಿರೋ ಉದಾಹರಣೆನೇ ನೋಡಿ: ಒಂದೊಂದು ಡೊಮೈನ್‌ಗೆ (ಒಂದೇ ಕ್ಯಾಶೆ ಹಂಚ್ಕೊಳ್ಳೋ ಕೋರ್‌ಗಳ ಕೂಟ) 32 ಕೌಂಟರ್. ಪ್ರತಿ ಗುಂಪೂ ಟೋಟಲ್ (ಒಟ್ಟು ಓಡಾಟ) ಒಂದು, ಲೋಕಲ್ (ಹತ್ತಿರದ ಮೆಮೊರಿಯದ್ದು ಮಾತ್ರ) ಒಂದು ಅಂತ ಎರಡು ತಿನ್ನುತ್ತೆ, ಡಿಫಾಲ್ಟ್ ಗುಂಪು ಆಗ್ಲೇ ಎರಡು ತಗೊಂಡ್ರೆ ಉಳಿದಿದ್ದು 30. ಅಂದ್ರೆ ಒಟ್ಟು 16 ಗುಂಪಿಗೆ ಖಲಾಸ್. ಹದಿನೇಳನೇ ಡೈರೆಕ್ಟರಿ ಮಾಡಿದ್ರೆ ಆಗುತ್ತೆ, ತಡೆಯಲ್ಲ, ಆದ್ರೆ ಅದರ ಕೌಂಟರ್ ಜಾಗದಲ್ಲಿ ಒಂದು ಅಂಡರ್‌ಸ್ಕೋರ್ ಇರ್ತದೆ, ಓದಿದ್ರೆ ಅನ್‌ಅಸೈನ್ಡ್. ಬೇಕಾದ್ರೆ ಇನ್ನೊಂದು ಗುಂಪಿನ ಲೋಕಲ್ ಬಿಡಿಸಿ ಇದಕ್ಕೆ ಇ ಅಂತ ಬರೀಬಹುದು, ಇ ಅಂದ್ರೆ ಎಕ್ಸ್‌ಕ್ಲೂಸಿವ್, ಆ ಬುಟ್ಟಿ ಈ ಗುಂಪಿನದ್ದೇ, ಕಾಫಿಗೆ ಹೋದ್ರೂ ಯಾರೂ ಮುಟ್ಟೋ ಹಾಗಿಲ್ಲ.

ನಮ್ ಸರ್ವರ್‌ಗಳು ಇನ್ನೂ ಹಳೇ ಕರ್ನಲ್ ಮೇಲೇ ಇವೆ, 6.18 ಹಾಕಿದ್ರೂ ಚಿಪ್ಪಲ್ಲಿ ಈ ಸೌಲಭ್ಯ ಇರ್ಬೇಕು. ಅಲ್ಲೀ ತನಕ ನಾನ್ ಮಾಡಿದ್ದು ಇಷ್ಟೇ. ಅನ್‌ಅವೇಲಬಲ್ ಅಂತ ಬಂದಾಗೆಲ್ಲ ಸೊನ್ನೆ ಅಂತ ಬರ್ಕೊಳ್ತಿದ್ದ ಒಂದು ಸಾಲು ನನ್ ಸ್ಕ್ರಿಪ್ಟಲ್ಲಿತ್ತು, ಅದನ್ನ ಕಿತ್ತೆ. ಈಗ ಗೆರೆ ಕೆಳಗೆ ಬೀಳಲ್ಲ, ನಡುನಡುವೆ ತುಂಡಾಗಿರ್ತದೆ, ಮೊನ್ನೆ ಮೀಟಿಂಗಲ್ಲಿ ಮ್ಯಾನೇಜರ್ ಕೇಳಿದ್ರು, ಗ್ರಾಫ್ ಹಾಳಾಗಿದೆಯಲ್ಲ ಅಂತ.