ಗಾಂಧಿ ಕ್ಲಾಸ್ ಕಳೆದುಕೊಂಡ ಗಾಂಧಿನಗರ

ಬೆಂಗಳೂರಿನ ಕೇಂದ್ರ ಬಸ್ ನಿಲ್ದಾಣದ ಫಲಕದ ಮೇಲಿರುವುದು ಕೆಂಪೇಗೌಡರ ಹೆಸರು, ಕಂಡಕ್ಟರುಗಳ ಬಾಯಲ್ಲಿರುವುದು ‘ಮೆಜೆಸ್ಟಿಕ್’. ಆ ಹೆಸರಿನ ಚಿತ್ರಮಂದಿರ ಇಡೀ ಪ್ರದೇಶಕ್ಕೆ ತನ್ನ ಹೆಸರು ಬಿಟ್ಟು ತಾನು ಇಲ್ಲವಾಯಿತು. ಸುತ್ತಮುತ್ತಲಿದ್ದ ಸಾಗರ್, ಹಿಮಾಲಯ, ಕೆಂಪೇಗೌಡ, ಅಲಂಕಾರ್, ಕಪಾಲಿಗಳೂ ಒಂದೊಂದಾಗಿ ಹೋದವು. ಅಲಂಕಾರ್ ಇದ್ದಲ್ಲಿ ಈಗ ಅಲಂಕಾರ್ ಪ್ಲಾಜಾ ಎಂಬ ಮಳಿಗೆಗಳ ಕಟ್ಟಡವಿದೆ.

ಟಿಕೆಟ್ ದರಕ್ಕೆ ಮಿತಿ ಬೇಕೇ ಎಂಬ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಈ ಚಿತ್ರಮಂದಿರಗಳ ಮಾತು ಮತ್ತೆ ಎದ್ದಿದೆ. ಬಾಡಿಗೆ, ತೆರಿಗೆ, ಮಲ್ಟಿಪ್ಲೆಕ್ಸ್, ಒಟಿಟಿ, ನೆಲದ ಬೆಲೆ ಎಲ್ಲವೂ ತೊಡರಿಕೊಂಡು ಯಾವ ಎಳೆ ಎಲ್ಲಿಂದ ಬಂತೆಂದು ತಿಳಿಯುವುದೇ ಕಷ್ಟವಾಗಿದೆ.

ಮೊದಲ ಎಳೆ ನಾಟಕದ್ದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ‘ಕುರುಕ್ಷೇತ್ರ’ ಆಡಿದ ಊರು ಇದು. 1934ರ ಮಾರ್ಚ್‌ನಲ್ಲಿ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್‌ನಲ್ಲಿ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ಇಪ್ಪತ್ತು ವರ್ಷಗಳ ಬಳಿಕ ಗುಬ್ಬಿ ಕಂಪನಿಯ ನಟ ಮುತ್ತುರಾಜ್ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದರು. ನಾಟಕದ ಪ್ರೇಕ್ಷಕರೂ ಅವರ ಹಿಂದೆಯೇ ಸಿನಿಮಾಕ್ಕೆ ನಡೆದರು. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ಜೆ.ಸಿ. ರಸ್ತೆಯಲ್ಲಿ ಬಾಗಿಲು ತೆರೆಯಿತು. ಹವ್ಯಾಸಿ ರಂಗಭೂಮಿ ಅಲ್ಲಿ ನೆಲೆ ಕಂಡುಕೊಂಡರೆ, ಮೆಜೆಸ್ಟಿಕ್‌ನ ಕೆಂಪೇಗೌಡ ರಸ್ತೆ, ಅಂದರೆ ಕೆ.ಜಿ. ರಸ್ತೆ, ಸಿನಿಮಾದ ಪಾಲಾಯಿತು.

ಎಪ್ಪತ್ತರ ದಶಕದಿಂದ ತೊಂಬತ್ತರವರೆಗಿನ ಕೆ.ಜಿ. ರಸ್ತೆಯನ್ನು ಸ್ವಲ್ಪ ನಿಂತು ನೋಡಬೇಕು. 1972ರಲ್ಲಿ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಬಿಡುಗಡೆಯಾದ ‘ಬಂಗಾರದ ಮನುಷ್ಯ’ ಅಲ್ಲೇ ಎರಡು ವರ್ಷ ಓಡಿತು. ಒಂದೇ ಚಿತ್ರ, ಒಂದೇ ಪರದೆ, ಎರಡು ವರ್ಷ! ಇಂದಿನವರಿಗೆ ಇದು ಜನಪ್ರಿಯತೆಯ ಲೆಕ್ಕವಾಗಿ ಮಾತ್ರ ಕಾಣುತ್ತದೆ. ಆದರೆ ಇದರ ಹಿಂದೆ ಒಂದು ವ್ಯವಸ್ಥೆ ಇತ್ತು. ಪ್ರಿಂಟ್ ದುಬಾರಿ, ಆದ್ದರಿಂದ ಪ್ರತಿಗಳು ಕಡಿಮೆ. ಮೆಜೆಸ್ಟಿಕ್ ಪ್ರದೇಶದ ಒಂದು ಚಿತ್ರಮಂದಿರ ‘ಮೇನ್ ಥಿಯೇಟರ್’. ಬಡಾವಣೆಗಳಿಗೂ ಸಣ್ಣ ಊರುಗಳಿಗೂ ಚಿತ್ರ ತಲುಪುತ್ತಿದ್ದುದು ತಿಂಗಳುಗಳ ನಂತರ. ಹಂಚಿಕೆದಾರರ ಕಚೇರಿಗಳು ಪಕ್ಕದ ಗಾಂಧಿನಗರದಲ್ಲಿ. ಎದುರಿಗೆ ಬಸ್ ನಿಲ್ದಾಣ, ಅದರಾಚೆ ರೈಲು ನಿಲ್ದಾಣ. ಕೋರ್ಟು ಕೆಲಸಕ್ಕೆ, ಆಸ್ಪತ್ರೆಗೆ, ಮದುವೆ ಜವಳಿಗೆ ಬಂದವರು ರಾತ್ರಿ ಬಸ್ಸಿಗೆ ಮೂರು ಗಂಟೆ ಉಳಿದಿದ್ದರೆ ಸಿನಿಮಾಕ್ಕೆ ಹೋಗುತ್ತಿದ್ದರು. ಸಿನಿಮಾ ಅವರ ತಂಗುದಾಣವೂ ಆಗಿತ್ತು.

ಎಲ್ಲಕ್ಕಿಂತ ಅಗ್ಗದ ಟಿಕೆಟ್‌ನ ಮುಂದಿನ ಸಾಲುಗಳೇ ಗಾಂಧಿ ಕ್ಲಾಸ್; ಅದರ ಸರತಿ ಸಾಲನ್ನು ಕಂಡವರು ಮರೆಯಲಾರರು. ಒಬ್ಬರೇ ಹಿಡಿಯುವಷ್ಟು ಕಿರಿದಾದ ಓಣಿ, ಎರಡೂ ಬದಿ ಕಬ್ಬಿಣದ ಕಂಬಿ, ತುದಿಯಲ್ಲಿ ಮುಷ್ಟಿ ತೂರುವಷ್ಟೇ ದೊಡ್ಡ ಕಿಂಡಿ. ಬೆವರಿದ ನೋಟು ಹಿಡಿದ ಕೈ ಒಳಗೆ ಹೋಗಿ, ತೆಳ್ಳನೆಯ ಬಣ್ಣದ ಚೀಟಿ ಹಿಡಿದು ಹೊರಬರುತ್ತಿತ್ತು. ಪರದೆಗೆ ತೀರಾ ಹತ್ತಿರದ ಆ ಸಾಲುಗಳಲ್ಲಿ ಕತ್ತು ಎತ್ತಿಯೇ ನೋಡಬೇಕು. ಮೊದಲ ಶಿಳ್ಳೆ ಏಳುತ್ತಿದ್ದುದೂ, ಚಿತ್ರದ ಹಣೆಬರಹ ತೀರ್ಮಾನವಾಗುತ್ತಿದ್ದುದೂ ಅಲ್ಲೇ. ಬಾಲ್ಕನಿಯಲ್ಲಿ ಕುಳಿತವರೂ ಅದೇ ಪರದೆ ನೋಡುತ್ತಿದ್ದರು, ಅದೇ ಶಿಳ್ಳೆ ಕೇಳುತ್ತಿದ್ದರು. 1968ರಲ್ಲಿ ಶುರುವಾದ ಕಪಾಲಿಯಲ್ಲಿ ಒಂದು ಪ್ರದರ್ಶನಕ್ಕೆ ಸಾವಿರದ ನಾನೂರಕ್ಕೂ ಹೆಚ್ಚು ಮಂದಿ ಹೀಗೆ ಒಟ್ಟಿಗೆ ಕೂರಬಹುದಿತ್ತು. ಇದಕ್ಕೆ ಸಮನಾದ ಇನ್ನೊಂದು ಜಾಗವನ್ನು ಬೆಂಗಳೂರು ಆಮೇಲೆ ಕಟ್ಟಿಕೊಂಡಿಲ್ಲ.

ಬಿರುಕೂ ಆ ವ್ಯವಸ್ಥೆಯೊಳಗೇ ಇತ್ತು. ಮೆಜೆಸ್ಟಿಕ್‌ನ ಪದ್ಧತಿ ಬಾಡಿಗೆಯದು: ಜನ ಬರಲಿ ಬಿಡಲಿ, ನಿರ್ಮಾಪಕರು ಚಿತ್ರಮಂದಿರದ ಮಾಲೀಕರಿಗೆ ವಾರಕ್ಕೆ ಇಷ್ಟೆಂದು ಕಟ್ಟಬೇಕು. ಚಿತ್ರ ಇಪ್ಪತ್ತೈದು ವಾರ ಓಡುವ ಕಾಲದಲ್ಲಿ ಇಬ್ಬರಿಗೂ ಇದು ಸರಿಹೋಗುತ್ತಿತ್ತು. ಡಿಜಿಟಲ್ ಪ್ರೊಜೆಕ್ಷನ್ ಬಂದ ಮೇಲೆ ರೀಲು ಡಬ್ಬಗಳು ಮೂಲೆಗೆ ಸೇರಿದವು, ಒಂದೇ ಶುಕ್ರವಾರ ನೂರಾರು ಪರದೆಗಳಲ್ಲಿ ಬಿಡುಗಡೆ ಸಾಧ್ಯವಾಯಿತು. ಮನೆ ಹತ್ತಿರವೇ ಚಿತ್ರ ಸಿಕ್ಕಾಗ ಮೆಜೆಸ್ಟಿಕ್‌ವರೆಗೆ ಬರುವುದೇಕೆ? ಇಪ್ಪತ್ತೈದು ವಾರದ ಓಟ ಎರಡು ಮೂರು ವಾರಕ್ಕೆ ಇಳಿಯಿತು. ಮೇನ್ ಥಿಯೇಟರ್‌ನ ಬಾಡಿಗೆ ನಿರ್ಮಾಪಕರಿಗೆ ಪ್ರತಿಷ್ಠೆಗಾಗಿ ಹೊರುವ ಹೊರೆಯಾಯಿತು. ಆ ಬಾಡಿಗೆಯೂ ಇಲ್ಲದೆ ಅಷ್ಟು ದೊಡ್ಡ ಕಟ್ಟಡ ನಡೆಸುವುದು ಮಾಲೀಕರಿಗೆ ಕಷ್ಟವಾಯಿತು. ಇಬ್ಬರ ಮಾತಿನಲ್ಲೂ ಸತ್ಯವಿದೆ.

2004 ಗಮನಿಸಬೇಕಾದ ವರ್ಷ. ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್ ಬಂದದ್ದು ಆ ವರ್ಷ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರ ಪ್ರಯತ್ನದಿಂದ ರಂಗಶಂಕರ ತೆರೆದದ್ದೂ ಅದೇ ವರ್ಷ, ಜೆ.ಪಿ. ನಗರದಲ್ಲಿ. ರಂಗಶಂಕರ ಕನ್ನಡ ರಂಗಭೂಮಿಗೆ ಕೊಟ್ಟದ್ದು ಬಹಳ. ಅದರ ಬಗ್ಗೆ ಕೃತಜ್ಞತೆಯ ಮಾತನ್ನಷ್ಟೇ ಆಡಬಲ್ಲೆ. ಆದರೆ ಸಿನಿಮಾದ ಹೊಸ ಪರದೆಗಳೂ ನಾಟಕದ ಹೊಸ ರಂಗವೂ ಊರ ನಡುವೆ ಹುಟ್ಟಲಿಲ್ಲ. ಅತ್ತ ಊರ ನಡುವಿನ ನೆಲದ ಬೆಲೆ ಏರುತ್ತಲೇ ಹೋಯಿತು. ಕಪಾಲಿ 2017ರಲ್ಲಿ ಮುಚ್ಚಿತು, ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ. ನಂತರ ಕೋವಿಡ್ ಬಂತು. 1974ರಿಂದ ನಡೆದುಬಂದಿದ್ದ ಕಾವೇರಿ 2024ರಲ್ಲಿ ಮುಚ್ಚಿತು.

ಇನ್ನು ಸದ್ಯದ ವ್ಯಾಜ್ಯ. ಟಿಕೆಟ್ ದರವನ್ನು 200 ರೂಪಾಯಿಗೆ ಮಿತಗೊಳಿಸುವ ಪ್ರಯತ್ನ 2017ರಲ್ಲೇ ನಡೆದಿತ್ತು. 2025ರ ಸೆಪ್ಟೆಂಬರ್ 12ರಂದು ಸರ್ಕಾರ ತೆರಿಗೆ ಹೊರತುಪಡಿಸಿ 200 ರೂಪಾಯಿಯ ಮಿತಿಯನ್ನು ಮತ್ತೆ ಪ್ರಕಟಿಸಿತು. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಇತ್ತು. ಅದೇ ತಿಂಗಳ 23ರಂದು ಹೈಕೋರ್ಟ್ ಮಧ್ಯಂತರ ತಡೆಯಾಜ್ಞೆ ನೀಡಿತು. ಈ ಚರ್ಚೆ ಮುಖ್ಯವಾಗಿ ಮಾಲ್‌ಗಳ ಪ್ರೇಕ್ಷಕರದ್ದು. ಏಕಪರದೆ ಚಿತ್ರಮಂದಿರಗಳಲ್ಲಿ ಸಾಮಾನ್ಯ ದರ ಆ ಮಿತಿಗಿಂತ ಕೆಳಗೇ ಇರುವುದರಿಂದ ಅವುಗಳ ಸಂಕಟಕ್ಕೆ ಇದರಲ್ಲಿ ನೇರ ಉತ್ತರವಿಲ್ಲ. ಅದೇ ತಿಂಗಳು 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಅವುಗಳಿಗೆ ಹೆಚ್ಚು ಹತ್ತಿರದ ಸಂಗತಿ. ಆದರೆ ಸುದ್ದಿಯ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಕೆ.ಜಿ. ರಸ್ತೆಯ ಸುತ್ತ ಕೆಲವು ಚಿತ್ರಮಂದಿರಗಳು ಇಂದಿಗೂ ಉಳಿದಿವೆ. ದೊಡ್ಡ ನಟರ ಚಿತ್ರ ಬಂದ ದಿನ ಕಟೌಟ್‌ಗೆ ಹಾರ ಏರುತ್ತದೆ, ತೆಂಗಿನಕಾಯಿ ಒಡೆಯುತ್ತಾರೆ. ಉಳಿದ ದಿನಗಳಲ್ಲಿ ರಾತ್ರಿ ಹನ್ನೊಂದರ ಬಸ್ಸಿಗೆ ಸಂಜೆಯೇ ಬಂದವರು ನಿಲ್ದಾಣದ ಬೆಂಚಿನ ಮೇಲೆ ಕುಳಿತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಅಂಗೈಯಗಲದ ಮೊಬೈಲಿನಲ್ಲಿ ಒಬ್ಬೊಬ್ಬರೇ ಸಿನಿಮಾ ನೋಡುತ್ತಿರುತ್ತಾರೆ.